ರಬ್ಬರ್ ಮೀನಿನ ಹೊಟ್ಟೆಯ ಸೀಸ

ದೂರದ ಚಳಿದೇಶದ ವೆಸ್ಟೆರಾಸ್ ಊರಲ್ಲಿ ನೆಲೆಸಿದ ಇಂಜಿನಿಯರ್ ಓಲ್ವಿನ್‌ಗೆ ಶನಿವಾರ ಬಂತೆಂದರೆ ಹೆಂಡತಿ ಫ್ಲಾವಿಯಾಳ ಒಗ್ಗರಣೆ ಸೌಟೇ ಬೇಕು. ಅದು ಅಡುಗೆಮನೆ ಬಿಟ್ಟು ಬಾಲ್ಕನಿ ಸೇರಿ ವರ್ಷಗಳಾದವು. ಅದರಲ್ಲಿ ಸೀಸ ಕರಗಿಸಿ, ಹುಣಸೆಬೀಜದಷ್ಟು ಗುಂಡುಗಳನ್ನು ಎರೆದು, ಗಾಳಕ್ಕೆಂದು ತಾನೇ ಮಾಡಿದ ರಬ್ಬರ್ ಮೀನುಗಳ ಹೊಟ್ಟೆಗೆ ತುರುಕುತ್ತಾನೆ. ಮಗುಚದೆ ಈಜುತ್ತವೆಯೇ ಎಂದು ಬಾತ್‌ಟಬ್ಬಿನಲ್ಲಿ ಎಳೆದು ನೋಡುತ್ತಾನೆ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. "ಹೊಟ್ಟೆ ಗಟ್ಟಿ ಇದ್ರೆ ಮೀನು ನೆಟ್ಟಗೆ ಹೋಗ್ತದೆ" ಎಂಬುದು ಅವನ ವೇದವಾಕ್ಯ. ಈಚೆಗೆ ಗುಂಡುಗಳು ದಪ್ಪವಾಗುತ್ತಿರುವುದನ್ನು ಕಂಡು ಫ್ಲಾವಿಯಾ, "ಇಷ್ಟು ಭಾರ ಯಾಕೆ?" ಎಂದು ಕೇಳಿದಳು. "ಗುನ್ನಾರಜ್ಜನಿಗೆ ಬಲಗೈ ಸೋತಿದೆ ಅಲ್ವಾ, ಹಗುರ ಆದ್ರೆ ಎಸೆದ ಗಾಳ ದೂರ ಹೋಗುದಿಲ್ಲ." ೨೦೦೨ರ ಚಳಿಗಾಲದಲ್ಲಿ, ಊರಿಗೆ ಹೊಸಬರಾದ ಇವರ ಬಾಗಿಲನ್ನು ತಟ್ಟಿದ್ದವನು ಪಕ್ಕದ ಮನೆಯ ಆ ಮುದುಕನೊಬ್ಬನೇ, ತಾನು ಹಿಡಿದ ಮೀನು ಕೈಯಲ್ಲಿ ಹಿಡಿದುಕೊಂಡು. ಫ್ಲಾವಿಯಾ ಹೋಗಿ ಟಬ್ಬಿಗೆ ನೀರು ಬಿಟ್ಟಳು.