ಓದದೆ ಬಿಟ್ಟ ನಾಲ್ಕು ಸಾಲು

ಅಪ್ಪನ ಕಾಗದದ ನಾಲ್ಕು ಸಾಲುಗಳನ್ನು ನಾನು ಅವ್ವನಿಗೆ ಓದಿ ಹೇಳಲಿಲ್ಲ. ಬೇಕೆಂದೇ ಬಿಟ್ಟೆ. ಅದನ್ನು ಹುಡುಗಾಟ ಎಂದು ಕರೆದು ಇಷ್ಟು ವರ್ಷ ನನ್ನನ್ನು ನಾನೇ ಖುಲಾಸೆ ಮಾಡಿಕೊಳ್ಳುತ್ತ ಬಂದೆ — ಮುನ್ಸೀಫರ ಮಗಳಲ್ಲವೇ, ಅಷ್ಟು ಕಾನೂನು ಬರುತ್ತಿತ್ತು.

ಅಪ್ಪ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಮನೆಮಾತು ಕನ್ನಡವಾದರೂ ಕನ್ನಡದಲ್ಲಿ ಸಹಿ ಹಾಕುವುದಕ್ಕೇ ತಡವರಿಸುತ್ತಿದ್ದರು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವರಿಗೆ ಗಡಿಯ ಚಿಂಚೋಳಿಗೆ ವರ್ಗವಾಯಿತು. ಅವ್ವ, ನಾನು ಚಿತ್ತಾಪುರದಲ್ಲೇ ಉಳಿದೆವು. ಅವ್ವನಿಗೆ ಓದು ಬರಹ ಬಾರದು. ಗಂಡ ಹೆಂಡಿರ ಕಾಗದವನ್ನು ಹೊರಗಿನವರು ಓದಬಾರದೆಂದು, ಹೊರಡುವ ಮುಂಚೆ ಅಪ್ಪ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಉರ್ದು ಕಲಿಸಿದರು. ಅಷ್ಟು ನಂಬಿದ್ದರು.

ವಾರಕ್ಕೊಂದು ಕಾಗದ ಬರುತ್ತಿತ್ತು. ಸಾಕ್ಷಿದಾರ ತೆಲುಗಿನಲ್ಲಿ ಪ್ರಮಾಣ ಮಾಡಿ ಕನ್ನಡದಲ್ಲಿ ಸುಳ್ಳು ಹೇಳಿದ ಎಂದು ಬರೆದರೆ ಅವ್ವ ಜೋಳ ಹಸನು ಮಾಡುವುದನ್ನು ಬಿಟ್ಟು ನಗುತ್ತಿದ್ದಳು.

ಆ ಸಲದ ಕಾಗದದಲ್ಲಿ ಮನೆ ಸಿಕ್ಕಿದ ಸುದ್ದಿಯಿತ್ತು. ಹಿತ್ತಲಲ್ಲಿ ಬಾವಿ, ನೆಲಕ್ಕೆ ನಿನ್ನ ತವರಿನ ಶಹಾಬಾದ ಕಲ್ಲು — ಇಲ್ಲಿಯವರೆಗೆ ಓದಿದೆ. ಮುಂದೆ ಹೀಗಿತ್ತು: ‘ಇಬ್ಬರೂ ಬನ್ನಿ. ಇಲ್ಲಿ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸುವ ರೂಢಿಯಿಲ್ಲ, ಮಗಳಿಗೆ ನಾನೇ ಮನೆಯಲ್ಲಿ ಪಾಠ ಹೇಳುತ್ತೇನೆ. ಒಬ್ಬನೇ ಕುಳಿತು ಉಣ್ಣುವುದು ನನ್ನಿಂದ ಆಗುತ್ತಿಲ್ಲ. ನೀನು ಒಲ್ಲೆ ಎಂದರೆ ಮತ್ತೆ ಕೇಳುವುದಿಲ್ಲ.’

ನಾನಾಗ ಒಂಬತ್ತನೆಯ ಇಯತ್ತೆ. ಇಡೀ ತರಗತಿಗೆ ನಾವು ಮೂವರೇ ಹುಡುಗಿಯರು, ಮೊದಲ ನಂಬರು ನನ್ನದು. ಅಲ್ಲಿಗೆ ಹೋದರೆ ನನ್ನ ಶಾಲೆ ಮುಗಿದಂತೆಯೇ. ಕಾಗದ ಮಡಚಿದೆ.

“ಅಷ್ಟೇ ಬರದಾರೇನು?”

“ಹೂಂ, ಅಷ್ಟೇ.”

ಅವ್ವ ಮೊರದಿಂದ ತಲೆ ಎತ್ತದೆ ಹೇಳಿದಳು — “ನಾ ಬರ್ಲೇನು ಅಂತ ಕೇಳಿ ಬರಿ.”

ನಾನು ಬರೆದೆ. ಅವ್ವನ ಹೆಸರಿನಲ್ಲಿ, ಅಪ್ಪ ಕಲಿಸಿದ ಅಕ್ಷರಗಳಲ್ಲಿ — ‘ನನಗೆ ಅಲ್ಲಿಗೆ ಬರಲು ಮನಸ್ಸಿಲ್ಲ.’ ಬಿಟ್ಟು ಓದಿದ್ದನ್ನಾದರೂ ಹೆದರಿಕೆ ಎನ್ನಬಹುದು. ಇದನ್ನು ಏನೆನ್ನಲಿ...

ರಜೆಗೆ ಬಂದಾಗ ಅಪ್ಪ ಊಟದ ಹೊತ್ತಿಗೆ ಅವ್ವನಿಗೆ ಒಂದೇ ಮಾತು ಹೇಳಿದರು: “ನಿನಗ ಇಲ್ಲೇ ಛಲೋ ಅದ, ಇಲ್ಲೇ ಇರು.” ಸಿಟ್ಟಿರಲಿಲ್ಲ. ಅವ್ವ ಅವರ ತಟ್ಟೆಗೆ ರೊಟ್ಟಿ ಹಾಕಿದಳು. ಕರೆಯದೆ ಹೋಗುವವಳಲ್ಲ ಅವಳು, ಒಮ್ಮೆ ತೀರ್ಪಾದದ್ದನ್ನು ಮತ್ತೆ ಕೆದಕುವವರಲ್ಲ ಅವರು. ನಡುವೆ ನಾನು ಕುಳಿತು ಉಣ್ಣುತ್ತಿದ್ದೆ. ಆಮೇಲಿನ ಕಾಗದಗಳಲ್ಲಿ ಬಿಟ್ಟು ಓದುವಂಥದ್ದು ಏನೂ ಇರಲಿಲ್ಲ.

ಮೂರನೆಯ ವರ್ಷ ಅಪ್ಪ ಚಿಂಚೋಳಿಯಲ್ಲೇ ಎದೆನೋವಿನಿಂದ ತೀರಿಕೊಂಡರು. ಮಾತನಾಡಿಸಲು ಬಂದ ಹೆಂಗಸರ ಮುಂದೆ ಅವ್ವ, “ಒಮ್ಮೆರೆ ಬಾ ಅನ್ಲಿಲ್ಲ ನೋಡ್ರಿ, ನಾ ಭಾಳ ದಾರಿ ನೋಡ್ದೆ” ಎಂದು ಅತ್ತಳು. ಮ್ಯಾಟ್ರಿಕ್ ಪಾಸಾಗಿದ್ದ ನಾನು ಅವಳ ಬೆನ್ನು ಸವರುತ್ತ ಕುಳಿತಿದ್ದೆ. ಆಗಲೇ ಹೇಳಬೇಕಿತ್ತು. ಮುಂದೆ ಟೀಚರಾದೆ; ಹೆಣ್ಣುಮಕ್ಕಳ ಶಾಲೆ ಬಿಡಿಸಬೇಡಿರೆಂದು ಮನೆಮನೆಗೆ ಹೋಗಿ ಹೇಳಿದೆ. ಜನ ಹೊಗಳಿದರು. ಆ ಹೊಗಳಿಕೆ ಒಂದು ದಿನವೂ ಮೈಗೆ ಹತ್ತಲಿಲ್ಲ.

ಕಳೆದ ತಿಂಗಳು ಆ ಕಾಗದ ತೆಗೆದು ಅವ್ವನ ಮುಂದೆ ಕುಳಿತೆ. ನಾಲ್ಕು ಸಾಲು ಓದಿದೆ. ನಾನು ಬರೆದ ಉತ್ತರವನ್ನೂ ಹೇಳಿದೆ. ಬಯ್ಯುತ್ತಾಳೆಂದು ಕಾದೆ — ಬೈದಿದ್ದರೆ...

ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು.

“ಅಂದ್ರ ಅವ್ರು... ನಾನೇ ಒಲ್ಲೆ ಅಂದೆ ಅಂತ ತಿಳ್ಕೊಂಡೇ ಹೋದ್ರೇನು?”

ಹೌದು ಎಂದೆ. ಅದಕ್ಕೆ ಬೇರೇನನ್ನೂ ಸೇರಿಸಲಿಲ್ಲ.