ದೊರೆಯ ಕುದುರೆಯ ಪಾಲು

ಲಿಯಾಂಡರ್ ಎಂಬ ಊರಿನಲ್ಲಿ ನನ್ನ ಮಗಳ ಮನೆಯ ಹಿಂದೆ ಒಂದು ಬೇಲಿ. ಅದರಾಚೆ ಕಂದು ಕುದುರೆಯೊಂದು ಎಳೆಬಿಸಿಲಲ್ಲಿ ಕಣ್ಣು ಮುಚ್ಚಿ ನಿಂತಿರುತ್ತಿತ್ತು. ಕಿಟಕಿಯಿಂದ ನೋಡುತ್ತಾ ಕೂತರೆ ನಾನು ಟೆಕ್ಸಾಸಿನಲ್ಲಿದ್ದೇನೋ ಮುತ್ತಜ್ಜನ ಲಾಯದಲ್ಲಿದ್ದೇನೋ ತಿಳಿಯುತ್ತಲೇ ಇರಲಿಲ್ಲ.

ನನಗೆ ಓದು ಕಡಿಮೆ. ಆಸೆ ಮಾತ್ರ ದೊಡ್ಡದು: ಊರಿಗೆ ವಿಮಾನ ಹತ್ತುವ ಮೊದಲು ಮೊಮ್ಮಗಳ ಬಾಯಿಂದ ಒಂದಾದರೂ ಕನ್ನಡದ ಮಾತು ಕೇಳಬೇಕು. ನಾನು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ಅವತ್ತು ಹ್ಯೂಸ್ಟನ್ನಿನಿಂದ ತಂದಿದ್ದ ಹುರುಳಿ ಬೇಯಿಸಿ, ಉಪ್ಪು ಹಾಕುವ ಮುಂಚೆ ಮೊದಲ ಹಿಡಿಯನ್ನು ಬಟ್ಟಲಲ್ಲಿ ಆರಲು ಇಟ್ಟೆ.

"ವೈ, ಅಜ್ಜಿ?" ಎಂದಳು.

"ದೊರೆ ಕುದುರೆ ಪಾಲು ಕಣೇ ಅದು."

ಕತೆ ಹೇಳಿದೆ. ನನ್ನ ಮುತ್ತಜ್ಜ ಒಬ್ಬ ಬ್ರಿಟಿಷ್ ದೊರೆಯ ಕುದುರೆ ನೋಡಿಕೊಳ್ಳುತ್ತಿದ್ದ. ಆ ದೊರೆ ಮೀಸೆ ಚಿಗುರುವ ವಯಸ್ಸಿಗೇ ಹಡಗು ಹತ್ತಿ ಬಂದು ಕುದುರೆ ಪಡೆಯಲ್ಲಿದ್ದವನು. ಯಾವುದೋ ಕಾಳಗದಲ್ಲಿ ಕಾಲಿಗೆ ಏಟು ಬಿದ್ದ ಮೇಲೆ ಕತ್ತಿ ಬಿಚ್ಚಿಟ್ಟು ನಮ್ಮ ಸೀಮೆಯ ಆಡಳಿತಕ್ಕೆ ಬಂದ. ಊರೂರಿಗೆ ಹೋಗಿ ಡೇರೆ ಹಾಕುವುದು, ಕಂದಾಯ ಗೊತ್ತು ಮಾಡುವುದು, ಕೆರೆ ನೀರಿನ ಜಗಳ ಬಿಡಿಸುವುದು. ಅವನ ಹೆಸರೆತ್ತಿದರೆ ಜನಕ್ಕೆ ನಡುಕ. ಆದರೂ ಪಡೆಯಲ್ಲಿ ಕಲಿತದ್ದನ್ನು ಬಿಡಲಿಲ್ಲವಂತೆ: ಮೊದಲು ಕುದುರೆ ತಿನ್ನಬೇಕು, ಆಮೇಲೆ ಆಳು, ಕೊನೆಗೆ ತಾನು. ದೊಡ್ಡ ಹುದ್ದೆಗೇರಿ, ತಲೆ ನರೆತು, ಅವನು ತನ್ನ ದೇಶಕ್ಕೆ ಹೋದ. ಆ ಮೊದಲ ಹಿಡಿ ನಮ್ಮ ಮನೆಯಲ್ಲೇ ಉಳಿಯಿತು. ಕುದುರೆ ಇಲ್ಲದ ಕಾಲಕ್ಕೆ ಹಸುವಿಗೆ ಹಾಕಿದೆವು, ಇಲ್ಲಿ ಹಕ್ಕಿಗೆ.

ಕತೆ ಮುಗಿಯುವುದರೊಳಗೆ ಮೊಮ್ಮಗಳು ಬಟ್ಟಲೆತ್ತಿಕೊಂಡು ನನ್ನ ಕೈ ಹಿಡಿದೆಳೆದಳು. ಬೇಲಿಯಾಚೆ ಟೋಪಿ ಹಾಕಿಕೊಂಡ ಕುದುರೆಯ ಯಜಮಾನನಿದ್ದ. ಅವಳು ಏನೋ ಕೇಳಿದಳು, ಆತ ನಕ್ಕು ತಲೆಯಾಡಿಸಿದ. ಕುದುರೆ ನಿದ್ದೆಯಲ್ಲೇ ನಡೆದು ಬಂದಂತೆ ಬಂತು. ಅವಳು ಹುರುಳಿಯನ್ನು ಮುಷ್ಟಿಯಲ್ಲಿ ಹಿಡಿದು ಕೈ ಚಾಚಿದಳು.

"ಬೆರಳು ಮಡಿಸ್ಬೇಡ ಪುಟ್ಟಿ, ಅಂಗೈ ತಟ್ಟೆ ಥರ ಹಿಡಿ."

ಬೆಚ್ಚನೆಯ ಮೂತಿ ಅಂಗೈ ಸವರಿತು.

"ತಿಂತು! ಅಜ್ಜಿ, ಕುದುರೆ ತಿಂತು! ಇನ್ನೂ ಬೇಕಂತೆ!"

ನನ್ನ ಕಾಲು ನೆಲದ ಮೇಲಿರಲಿಲ್ಲ.

"ಏನಮ್ಮಾ, ಅಳ್ತಿದ್ದೀಯಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು.

"ಹೋಗೇ, ಬಿಸಿಲು ಕಣ್ಣಿಗೆ ಹೊಡೀತಿದೆ."

ಊಟಕ್ಕೆ ಕೂತಾಗ ಎಲ್ಲರಿಗೂ ಬಡಿಸಿಯಾದರೂ ನನ್ನ ತಟ್ಟೆ ಬರಲಿಲ್ಲ. ಕೈ ಚಾಚಿದೆ. ಮೊಮ್ಮಗಳು ತಡೆದಳು.

"ಇರು ಅಜ್ಜಿ. ನೀನು ಲಾಸ್ಟು. ನೀನೇ ದೊರೆ."

ಸಾರು ಆರಿ ತಣ್ಣಗಾಗಿತ್ತು. ಎರಡೆರಡು ಸಲ ಬಡಿಸಿಕೊಂಡು ಉಂಡೆ.