ಪಾಕ ನೋಡುವ ಎರ್ರೆಮ್ಮನ ಕೈ

ಕಂಪ್ಲಿಯ ಕಬ್ಬಿನ ಗದ್ದೆಗಳ ಮೇಲೆ ಆಗಷ್ಟೇ ಬೆಳಕು ಹರಿಯುತ್ತಿದೆ. ಅಂದಾನಪ್ಪನವರ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ಎರ್ರೆಮ್ಮ ನಿಂತಿದ್ದಾರೆ. ಕುದಿಯುವ ಪಾಕವನ್ನು ಸೌಟಿನಲ್ಲಿ ಎತ್ತಿ ತಣ್ಣೀರಿಗೆ ಬಿಡುತ್ತಾರೆ, ಬೆರಳಲ್ಲಿ ಉಂಡೆ ಕಟ್ಟಿ ಹಿತ್ತಾಳೆ ಬಿಂದಿಗೆಗೆ ಎಸೆಯುತ್ತಾರೆ. ಟಣ್ ಎನ್ನುತ್ತದೆ, ಪಾಕ ಹದಕ್ಕೆ ಬಂದಿದೆ. "ಇಳಸ್ರಿ" ಎಂದರೆ ಸಾಕು, ಗಂಡಾಳುಗಳು ಕೊಪ್ಪರಿಗೆಗೆ ಕೈ ಹಚ್ಚುತ್ತಾರೆ. ಈ ಬೆಲ್ಲ ಮದ್ರಾಸಿನವರೆಗೂ ಹೋಗುತ್ತದೆ. ತಿನ್ನುವವರಿಗೆ ಇವರ ಹೆಸರೂ ಗೊತ್ತಿಲ್ಲ. ಇವರ ಕತೆ ಕೇಳಲೆಂದೇ ನಾನು ಬಂದಿದ್ದೇನೆ.

ಇಲ್ಲೇ ಪಾಕ ನೋಡುತ್ತಿದ್ದ ಗಂಡ ಸುಂಕಪ್ಪ ತೀರಿಕೊಂಡ ಮೇಲೆ ಈ ಕೆಲಸ ಅವರ ಪಾಲಿಗೆ ಬಂತು. ಇಲ್ಲೊಂದು ಪದ್ಧತಿಯಿದೆ: ಪಾಕ ನೋಡಿದವರು ಮೊದಲ ಚೂರನ್ನು ಬಾಯಿಗಿಟ್ಟು ಸೈ ಎನ್ನದೆ ಒಂದು ಅಚ್ಚೂ ಪೇಟೆಗೆ ಹೋಗುವುದಿಲ್ಲ. ದಿನಕ್ಕೆ ನಾಲ್ಕೈದು ಕೊಪ್ಪರಿಗೆ, ಅಷ್ಟೇ ಸಲ ಬೆಲ್ಲ.

ಮುಟ್ಟು ನಿಂತ ವರ್ಷ ಮೈಯೆಲ್ಲ ಧಗೆ ಶುರುವಾಯಿತು. "ಒಲಿ ಝಳ ಅನ್ಕಂಡಿದ್ದೆ. ಮನ್ಯಾಗ ಮಲಗಿದ್ರೂ ಬೆವರು. ತಂಪಾಗ್ಲಿ ಅಂತ ಚರಿಗಿಗಟ್ಲೆ ಬೆಲ್ಲದ ಪಾನಕ ಕುಡದೆ," ಎನ್ನುತ್ತಾರೆ. ಹೊಸಪೇಟೆಯ ಲೇಡಿ ಡಾಕ್ಟರು ಮೂತ್ರ ಪರೀಕ್ಷಿಸಿದರು. ಧಗೆಗೆ ಹೊಸದಾಗಿ ಬಂದಿರುವ ಹಾರ್ಮೋನಿನ ಗುಳಿಗೆ ಕೊಟ್ಟರು. ಸಿಹಿಮೂತ್ರವೂ ಇದೆ, ಬೆಲ್ಲ ಪೂರ್ತಿ ಬಂದ್ ಎಂದರು.

ಕೆಲವೇ ವಾರಗಳಲ್ಲಿ ಧಗೆ ಇಳಿಯಿತು. ರೋಗವೇ ಹೋಯಿತೆಂದು ಎರ್ರೆಮ್ಮ ಮತ್ತೆ ಬೆಲ್ಲ ಬಾಯಿಗೆ ಹಾಕಿಕೊಂಡರು. ಕಡಿದ ಮೇಲೆ ಉಳಿದ ಕಬ್ಬಿನ ಕೂಳೆ ಚುಚ್ಚಿ ಕಾಲಿಗಾದ ಗಾಯ ಮಾಯಲೇ ಇಲ್ಲ. "ಧಗೆ ಬೇರೆ, ಸಕ್ಕರೆ ಬೇರೆ ಅಮ್ಮ. ಗುಳಿಗೆಯಿಂದ ಧಗೆ ಇಳಿದಿದೆ ಅಷ್ಟೆ. ಹೀಗೇ ತಿಂದರೆ ಕಾಲು ಉಳಿಯೋದಿಲ್ಲ" ಎಂದು ಡಾಕ್ಟರು ಗದರಿದರು.

ಕಾಲು ಉಳಿಸಿಕೊಂಡರೆ ಕೆಲಸ ಹೋಗುತ್ತದೆ. ರುಚಿ ನೋಡದವರ ಬೆಲ್ಲವನ್ನು ಯಾರು ನಂಬುತ್ತಾರೆ? ಆಲೆಮನೆ ಬಿಡುತ್ತೇನೆಂದು ಹೇಳಲು ಧಣಿಯ ಮುಂದೆ ನಿಂತಾಗ ಅಳು ಬಂದಿತ್ತಂತೆ. ಕೇಳಿ ನನಗೂ ಸಂಕಟವಾಯಿತು. ಅಂದಾನಪ್ಪನವರು ಮಾತು ಬೆಳೆಸಲಿಲ್ಲ. "ಕೈ ನಿಂದಿರ್ಲಿ, ಬಾಯಿ ನಂದಿರ್ಲಿ. ಎಲ್ಲಿಗೂ ಹೋಗಬ್ಯಾಡ," ಎಂದರಂತೆ. ಅಂದಿನಿಂದ ಮೊದಲ ಚೂರು ಧಣಿಯ ಬಾಯಿಗೆ.

ಗಾಯ ಈಗ ಒಣಗುತ್ತಿದೆ. ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. "ಏನಿಲ್ರಿ, ಒಲಿ ಮುಂದ ನಿಂದ್ರಾಕ ಕಾಲಿದ್ರ ಸಾಕು," ಎನ್ನುತ್ತಾರೆ. ಅಷ್ಟರಲ್ಲಿ ಅಂದಾನಪ್ಪನವರು ಹೊಸ ಬೆಲ್ಲದ ಚೂರು ಬಾಯಿಗಿಡುತ್ತಾರೆ.

"ಹೆಂಗೈತ್ರಿ ಧಣ್ಯಾರ?"

"ಸೈ."

ಎರ್ರೆಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಸೈ ಅಂತ ನಂಗ ಮೊದ್ಲಾ ಗೊತ್ತಿರತೈತ್ರಿ. ಅವ್ರ ಬಾಯಾಗ ಕೇಳಿದ್ರ ನನ್ನ ಬಾಯೀನೂ ಸಿಹಿ ಆಗತೈತಿ, ಅದ್ಕ ಕೇಳ್ತೀನಿ."